ಗಂಟೆಯ ದನಿ, ಒಡಕು ಗಡಿಗೆಯ ದನಿ

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ಬಾಯ್ಲರ್ ಶಾಪಿನಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮಜ್ಜ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಪ್ರತಿಯೊಂದನ್ನೂ ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ತಟ್ಟಿ ಕೊಳ್ಳುವುದು ನಮ್ಮ ಕಡೆ ಎಲ್ಲರ ರೂಢಿಯೇ. ಆದರೆ ಅಜ್ಜ ಹಾಗೆ ತಟ್ಟುವಾಗ ಕಣ್ಣು ಮುಚ್ಚುತ್ತಿದ್ದರು. ಏಕೆಂದು ಒಮ್ಮೆ ಕೇಳಿದಾಗ ಅವರು ಗಡಿಗೆಯನ್ನು ಬಿಟ್ಟು ಎಂಜಿನ್ನಿನ ಮಾತು ತೆಗೆದರು. “ಸ್ಟೇ ಬಡದಾಗ ಗಂಟಿ ಬಾರಿಸಿಧಂಗ ಬಂದ್ರ ಚಲೋ ಐತಿ ತಮ್ಮಾ. ಒಡಕ ಗಡಿಗಿ ಬಡಧಂಗ ಬಂದ್ರ ಅದು ಮುರದೈತಿ ಅಂತ ತಿಳಿ.” ನನಗಾಗ ಹತ್ತು ವರ್ಷವಿದ್ದಿರಬೇಕು. ಸ್ಟೇ ಎಂದರೇನೆಂದು ಕೇಳುವಷ್ಟರಲ್ಲಿ ಅವರು ಮುಂದಿನ ಗಡಿಗೆಗೆ ಕೈಹಾಕಿದ್ದರು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೂವತ್ತು ವರ್ಷಗಳ ನಂತರ, ಇಂಗ್ಲೆಂಡಿನಲ್ಲಿ. ಉದ್ಯೋಗದ ನಿಮಿತ್ತ ಇಲ್ಲಿನ ಮಧ್ಯಭಾಗದ ಒಂದು ಊರಿನಲ್ಲಿ ನೆಲೆಸಿರುವ ನಾನು ಕಳೆದ ಆರು ವರ್ಷಗಳಿಂದ ಶನಿವಾರಗಳಂದು, ಹಳೆಯ ಉಗಿಬಂಡಿಗಳನ್ನು ಓಡಿಸುವ ಒಂದು ಪಾರಂಪರಿಕ ರೈಲುಮಾರ್ಗದ ಕಾರ್ಯಾಗಾರಕ್ಕೆ ಸ್ವಯಂಸೇವಕನಾಗಿ ಹೋಗುತ್ತಿದ್ದೇನೆ. ಈ ದೇಶದಲ್ಲಿ ಇಂಥ ಮಾರ್ಗಗಳು ಹಲವಾರು ಇವೆ. ವೇಲ್ಸಿನ ಟಾಲಿಲಿನ್ ರೈಲುಮಾರ್ಗವನ್ನು ಮುಚ್ಚಿಹೋಗದಂತೆ ಉಳಿಸಿ, 1951ರಲ್ಲಿ ಸ್ವಯಂಸೇವಕರೇ ನಡೆಸಲಾರಂಭಿಸಿದ್ದು ಇವಕ್ಕೆಲ್ಲ ಮೊದಲು. 1968ರ ಆಗಸ್ಟ್‌ನಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಮಾರ್ಗಗಳಲ್ಲಿ ಉಗಿಬಂಡಿಗಳ ಓಡಾಟ ಕೊನೆಗೊಂಡಿತು. ಆದರೆ ದಕ್ಷಿಣ ವೇಲ್ಸಿನ ಬ್ಯಾರಿ ಎಂಬ ಬಂದರು ಊರಿನ ಒಂದು ಗುಜರಿ ಅಂಗಳದಲ್ಲಿ ನೂರಾರು ಎಂಜಿನ್‌ಗಳು ಒಡೆಯಲ್ಪಡದೆ ಹಾಗೆಯೇ ಉಳಿದುಕೊಂಡವು. ಆ ಅಂಗಳದ ಒಡೆಯ ಡೈ ವುಡ್‌ಹ್ಯಾಮ್ ರೈಲುಪೆಟ್ಟಿಗೆಗಳನ್ನು ಒಡೆಯುವ ಕೆಲಸವನ್ನು ಮೊದಲು ಕೈಗೆತ್ತಿಕೊಂಡು ಎಂಜಿನ್‌ಗಳನ್ನು ನಂತರಕ್ಕೆ ಬಿಟ್ಟಿದ್ದರಿಂದ 213 ಎಂಜಿನ್‌ಗಳನ್ನು ಆಸಕ್ತರು ಹಣ ಕೂಡಿಸಿ ಕೊಂಡೊಯ್ಯಲು ಸಾಧ್ಯವಾಯಿತು. ನಮ್ಮ ಕಾರ್ಯಾಗಾರದಲ್ಲಿ ಈಗ ಬಿಚ್ಚಿಟ್ಟಿರುವ ಎಂಜಿನ್ ಕೂಡ ಅಲ್ಲಿಂದಲೇ ಬಂದದ್ದು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ವಿಂಡನ್ ಕಾರ್ಯಾಗಾರದಲ್ಲಿ 1930ರ ದಶಕದಲ್ಲಿ ಹುಟ್ಟಿ, ಕಡಲ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತು, ತುಕ್ಕಿನ ದಿಬ್ಬದಂತಾಗಿದ್ದ ಅದು ಮತ್ತೆ ಓಡಿದೆ, ಮತ್ತೆ ಬಿಚ್ಚಿಸಿಕೊಂಡಿದೆ.

ಜನ ನೋಡುವುದು ಹಸಿರು ಬಣ್ಣವನ್ನು, ತಿಕ್ಕಿ ಹೊಳಪಿಸಿದ ಹಿತ್ತಾಳೆಯನ್ನು, ದೊಡ್ಡ ಗಾಲಿಗಳನ್ನು. ನೀರನ್ನು ಕಾಯಿಸಿ ಉಗಿಯಾಗಿಸುವ ಬಾಯ್ಲರ್ ಕಾಣುವುದೇ ಇಲ್ಲ. ಕಾಣುವುದು ಅದರ ಮೇಲಿನ ತೆಳು ತಗಡಿನ ಹೊದಿಕೆ ಮಾತ್ರ. ಆ ಹೊದಿಕೆಯನ್ನೂ ಅದರಡಿಯ ಶಾಖನಿರೋಧಕ ಪದರವನ್ನೂ ತೆಗೆದಾಗ ಹೊರಬೀಳುವ ಕಂದು ಬಣ್ಣದ, ರಿವೆಟ್‌ಗಳ ಸಾಲು ಹೊತ್ತ ದೇಹವನ್ನು ಮೊದಲ ಬಾರಿ ಕಂಡಾಗ ನನಗೆ ನೆನಪಾದದ್ದು ನಮ್ಮ ಬಚ್ಚಲಮನೆಯ ತಾಮ್ರದ ಹಂಡೆ. ಹೋಲಿಕೆ ಅಷ್ಟೇನೂ ದೂರದ್ದಲ್ಲ. ಈ ಎಂಜಿನ್‌ನ ಒಳಗೂ ಬೆಂಕಿ ಉರಿಯುವ ತಾಮ್ರದ ಪೆಟ್ಟಿಗೆಯೊಂದಿದೆ. ಅದನ್ನು ಫೈರ್‌ಬಾಕ್ಸ್ ಎನ್ನುತ್ತಾರೆ. ಹಂಡೆಯಲ್ಲಿ ಉರಿ ಹೊರಗಿದ್ದು ನೀರು ಒಳಗಿದ್ದರೆ ಇಲ್ಲಿ ಉರಿ ಒಳಗಿದ್ದು ನೀರು ಅದನ್ನು ನಾಲ್ಕೂ ಬದಿಗಳಿಂದ ಮತ್ತು ನೆತ್ತಿಯ ಮೇಲಿನಿಂದ ಸುತ್ತುವರಿದಿರುತ್ತದೆ. ಆ ನೀರನ್ನು ಹಿಡಿದಿಡಲು ತಾಮ್ರದ ಪೆಟ್ಟಿಗೆಯ ಹೊರಗೆ ಕೆಲವೇ ಅಂಗುಲಗಳ ಅಂತರ ಬಿಟ್ಟು ಉಕ್ಕಿನ ಇನ್ನೊಂದು ಪೆಟ್ಟಿಗೆಯಿದೆ. ಬೆಂಕಿಯ ಹೊಗೆ ನೂರಾರು ಕೊಳವೆಗಳ ಮೂಲಕ ಬಾಯ್ಲರ್‌ನ ಉದ್ದಕ್ಕೂ ಸಾಗಿ, ದಾರಿಯಲ್ಲಿ ತನ್ನ ಶಾಖವನ್ನು ನೀರಿಗೆ ಕೊಟ್ಟು, ಮುಂದಿನ ಹೊಗೆಗೂಡನ್ನು ಸೇರಿ ಚಿಮಣಿಯಿಂದ ಹೊರಬೀಳುತ್ತದೆ.

ಹಂಡೆಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸವೆಂದರೆ ಒತ್ತಡ. ನಮ್ಮ ಎಂಜಿನ್‌ನ ಬಾಯ್ಲರ್ ಕೆಲಸ ಮಾಡುವುದು ಚದರ ಅಂಗುಲಕ್ಕೆ 225 ಪೌಂಡ್ ಒತ್ತಡದಲ್ಲಿ. ಒಂದು ಚದರ ಅಡಿಯ ಲೆಕ್ಕ ಹಾಕಿದರೆ ಅದು ಹದಿನಾಲ್ಕೂವರೆ ಟನ್ನಿಗೂ ಹೆಚ್ಚಾಗುತ್ತದೆ. ಬಾಯ್ಲರ್‌ನ ಪೀಪಾಯಿಯಂಥ ದುಂಡಗಿನ ಭಾಗ ಈ ಒತ್ತಡವನ್ನು ತನ್ನ ಆಕಾರದಿಂದಲೇ ತಾಳಿಕೊಳ್ಳುತ್ತದೆ. ಚಪ್ಪಟೆ ತಗಡಿಗೆ ಆ ಶಕ್ತಿಯಿಲ್ಲ. ಅರ್ಧ ಅಂಗುಲಕ್ಕಿಂತ ತುಸು ದಪ್ಪವಿರುವ ಮೆದು ತಾಮ್ರದ ಗೋಡೆಯನ್ನು ಹಾಗೆಯೇ ಬಿಟ್ಟರೆ ಅದು ಉಬ್ಬಿ ಹರಿದುಹೋಗುತ್ತದೆ. ಆದ್ದರಿಂದ ಒಳಗಿನ ತಾಮ್ರದ ತಗಡಿಗೂ ಹೊರಗಿನ ಉಕ್ಕಿನ ತಗಡಿಗೂ ನಡುವೆ, ನೀರನ್ನು ಹಾಯ್ದು, ಸುಮಾರು ನಾಲ್ಕು ಅಂಗುಲಕ್ಕೊಂದರಂತೆ ಹೆಬ್ಬೆರಳ ಗಾತ್ರದ ಕಡ್ಡಿಗಳನ್ನು ಥ್ರೆಡ್, ಎಂದರೆ ತಿರುಪಿನ ಸುರುಳಿಗೆರೆ, ಕೊರೆದು ತಿರುಗಿಸಿ, ಎರಡೂ ತುದಿಗಳನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ಇವೇ ಅಜ್ಜ ಹೇಳಿದ ಸ್ಟೇಗಳು. ದೊಡ್ಡ ಎಂಜಿನ್ನಿನಲ್ಲಿ ಇವು ಸಾವಿರದ ಆಸುಪಾಸಿನಲ್ಲಿರುತ್ತವೆ, ಮತ್ತು ಪ್ರತಿಯೊಂದೂ ತನ್ನ ಪಾಲಿನ 1,600 ಕಿಲೋಗ್ರಾಮಿಗೂ ಹೆಚ್ಚಿನ ಎಳೆತವನ್ನು ಹೊತ್ತು ನಿಂತಿರುತ್ತದೆ. ಒಂದು ಮುರಿದರೆ ಅದರ ಹೊರೆ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಅಕ್ಕಪಕ್ಕದ ಎರಡೋ ಮೂರೋ ಮುರಿದರೆ ಬಾಯ್ಲರ್ ಕೆಲಸಕ್ಕೆ ಅನರ್ಹ.

ಅವು ಮುರಿಯುವ ಬಗೆ ನನ್ನನ್ನು ಬಹಳ ಕಾಲ ಕಾಡಿತು. ಎಂಜಿನ್ ಎಳೆಯುವ ಭಾರಕ್ಕೆ, ಓಟದ ಕುಲುಕಾಟಕ್ಕೆ ಅವು ಮುರಿಯುತ್ತವೆಂದು ನಾನು ಊಹಿಸಿದ್ದೆ. ಹಾಗಲ್ಲ. ಬಿಸಿಯಾದಾಗ ತಾಮ್ರವು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಉಕ್ಕು ಹನ್ನೆರಡು ಪಾಲು ಬೆಳೆದರೆ ತಾಮ್ರ ಹದಿನೇಳು ಪಾಲು. ಅದೂ ಅಲ್ಲದೆ ತಾಮ್ರದ ತಗಡು ಬೆಂಕಿಗೆ ಹತ್ತಿರವಿರುವುದರಿಂದ ಉಕ್ಕಿಗಿಂತ ಬಿಸಿಯೂ ಹೆಚ್ಚು. ಹೀಗಾಗಿ ಉರಿ ಹಚ್ಚಿದಾಗಲೆಲ್ಲ ಒಳಗಿನ ಪೆಟ್ಟಿಗೆ ಹೊರಗಿನದಕ್ಕಿಂತ ಮೇಲಕ್ಕೆ ಏರುತ್ತದೆ, ಆರಿದಾಗ ಕೆಳಕ್ಕೆ ಇಳಿಯುತ್ತದೆ. ಎರಡರ ನಡುವೆ ಸಿಕ್ಕ ಸ್ಟೇಗಳು ಪ್ರತಿ ಸಲವೂ ಕೂದಲೆಳೆಯಷ್ಟು ಬಾಗಿ ನೆಟ್ಟಗಾಗುತ್ತವೆ. ತಂತಿಯನ್ನು ಅತ್ತಿತ್ತ ಬಾಗಿಸಿ ತುಂಡರಿಸುವ ಕ್ರಿಯೆಯೇ ಇದು, ಅತ್ಯಂತ ನಿಧಾನವಾಗಿ. ಅದಕ್ಕೇ ಮೊದಲು ಮುರಿಯುವುವು ಚಲನೆ ಹೆಚ್ಚಿರುವ ಮೇಲಿನ ಮೂಲೆಗಳ ಸ್ಟೇಗಳು, ಮತ್ತು ಅವು ಸಾಮಾನ್ಯವಾಗಿ ಮುರಿಯುವುದು ಕಣ್ಣಿಗೆ ಬೀಳದ ಕಡೆ, ಹೊರಗಿನ ಉಕ್ಕಿನ ತಗಡಿನ ಅಂಚಿನಲ್ಲಿ.

ಇದರಿಂದ ಹುಟ್ಟುವ ಒಂದು ಸಂಗತಿ ನನಗೆ ಈ ಇಡೀ ಕೆಲಸದ ತಿರುಳೆಂದು ತೋರುತ್ತದೆ. ಅಜ್ಜನ ಕಾಲದ ಎಂಜಿನ್ ಒಮ್ಮೆ ಉಗಿ ಏರಿಸಿಕೊಂಡರೆ ದಿನಗಟ್ಟಲೆ ಬಿಸಿಯಾಗಿಯೇ ಇರುತ್ತಿತ್ತು. ಬಾಯ್ಲರ್ ತೊಳೆಯುವ ಸರದಿ ಬಂದಾಗಷ್ಟೇ ಪೂರ್ತಿ ತಣ್ಣಗಾಗುತ್ತಿತ್ತು. ನಮ್ಮ ಎಂಜಿನ್ ಶನಿವಾರ ಬಿಸಿಯಾಗಿ ಭಾನುವಾರ ಆರುತ್ತದೆ. ಓಡುವ ದೂರ ಅತ್ಯಲ್ಪ; ಬಾಗುವ, ನೆಟ್ಟಗಾಗುವ ಸಲಗಳು ಮಾತ್ರ ದುಡಿಯುವ ಎಂಜಿನ್ನಿಗೆ ಸಮನಾಗಿ ಬೆಳೆಯುತ್ತ ಹೋಗುತ್ತವೆ. ಚಳಿಗಾಲದಲ್ಲಿ ನಿಂತೇ ಇದ್ದರೆ ತೇವ ಮತ್ತು ಗಾಳಿ ಸೇರಿ ಒಳಗಿನ ಉಕ್ಕನ್ನು ಕುಳಿಕುಳಿಯಾಗಿ ತಿನ್ನುತ್ತವೆ. ಅಂದರೆ ನಾವು ಅದಕ್ಕೆ ಕೊಡುವ ವಿಶ್ರಾಂತಿಯೇ ಅದನ್ನು ಸವೆಸುತ್ತದೆ. ಅಮೆರಿಕದಲ್ಲಿ 2000ನೇ ಇಸವಿಯಿಂದ ಜಾರಿಯಲ್ಲಿರುವ ನಿಯಮ ಇದನ್ನು ಚೆನ್ನಾಗಿ ಗ್ರಹಿಸಿದೆ. ಅಲ್ಲಿ ಬಾಯ್ಲರ್‌ನ ಸಮಗ್ರ ಪರೀಕ್ಷೆಯ ಗಡುವು 15 ವರ್ಷ ಅಥವಾ ಸೇವೆಯಲ್ಲಿದ್ದ 1,472 ದಿನ, ಯಾವುದು ಮೊದಲೋ ಅದು; ಓಡಿದ ಮೈಲಿಗಳ ಲೆಕ್ಕವೇ ಅಲ್ಲಿಲ್ಲ. ಇಲ್ಲಿ ಬ್ರಿಟನ್ನಿನಲ್ಲಿ ರೂಢಿ 10 ವರ್ಷ. ಅದು ತೀರಿದ ಮೇಲೆ ಎಂಜಿನ್ ಎಷ್ಟೇ ಚೆನ್ನಾಗಿ ಕಂಡರೂ ಬಾಯ್ಲರ್ ಚೌಕಟ್ಟಿನಿಂದ ಮೇಲೇಳಲೇಬೇಕು.

ನಮ್ಮದು ಮೇಲೆದ್ದದ್ದು ಎರಡು ವರ್ಷಗಳ ಹಿಂದೆ. ಮೊದಲ ಕೆಲಸ ಕೊಳವೆಗಳನ್ನು ಕತ್ತರಿಸಿ ಹೊರಗೆಳೆಯುವುದು. ಅವುಗಳ ಮೈಮೇಲಿನ ಸುಣ್ಣದ ಪದರ ಹಂಡೆಯ ತಳದಲ್ಲಿ ಕಟ್ಟುವಂಥದೇ. ಆದರೆ ಇಲ್ಲಿ ಅದು ಕೊಳಕಿನ ಪ್ರಶ್ನೆಯಲ್ಲ. ಶಾಖವನ್ನು ನೀರಿಗೆ ದಾಟಲು ಬಿಡದ ಆ ಪದರದ ಹಿಂದೆ ಲೋಹ ತಾಳಲಾರದಷ್ಟು ಕಾಯುತ್ತದೆ. ಬಾಯ್ಲರ್‌ನ ನೀರಿಗೆ ಮದ್ದು ಹಾಕಿ, ಗಡಸು ಪದರ ಕಟ್ಟದಂತೆ, ಮೆದು ಕೆಸರಾಗಿ ತಳದಲ್ಲೇ ಉಳಿಯುವಂತೆ ಮಾಡುವ ವಿಧಾನವನ್ನು ಫ್ರಾನ್ಸಿನ ಲೂಯಿ ಆರ್ಮಾಂಡ್ ರೂಪಿಸಿದರು. ಅದನ್ನು ಅರ್ಜೆಂಟೀನಾದ ಎಂಜಿನಿಯರ್ ಲಿವಿಯೋ ದಾಂತೆ ಪೋರ್ತಾ ಮುಂದುವರಿಸಿದರು. ನಮ್ಮ ಮದ್ದಿನಲ್ಲಿ ಟ್ಯಾನಿನ್ ಕೂಡ ಇರುತ್ತದೆ, ಅಡಿಕೆಯಲ್ಲೂ ಚಹದಲ್ಲೂ ಇರುವ ಅದೇ ಚೊಗರು. ಅದು ನೀರಿನಲ್ಲಿ ಉಳಿದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊಳವೆಗಳು ಹೊರಬಂದ ಮೇಲೆ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಚೌಕುಳಿ ಎಳೆದು, ಪ್ರತಿ ಚೌಕದ ದಪ್ಪವನ್ನು ಶ್ರವಣಾತೀತ ಧ್ವನಿಯ ಉಪಕರಣದಿಂದ ಅಳೆದು ನಕಾಶೆ ಮಾಡುತ್ತೇವೆ. ಎಲ್ಲಿ ಕೆಸರು ಕೂರುತ್ತದೋ ಅಲ್ಲಿ, ಎಂದರೆ ಎರಡು ಪೆಟ್ಟಿಗೆಗಳನ್ನು ಕೆಳಗೆ ಬೆಸೆದಿರುವ ಅಡಿಪಟ್ಟಿಯ ಸುತ್ತ, ಸವೆತ ಹೆಚ್ಚು. ಎಲ್ಲಿ ತಗಡು ಬಾಗಿ ತಿರುಗುತ್ತದೋ ಅಲ್ಲಿ ನೇಗಿಲ ಸಾಲಿನಂಥ ಗೀರುಗಳು ಬಿದ್ದಿರುತ್ತವೆ. ಹಾಳಾದ ಭಾಗವನ್ನು ಕತ್ತರಿಸಿ ತೆಗೆಯಲು ಗುರುತು ಹಾಕುವ ದಿನ ನನಗೆ ಸಂಕಟವಾಗಿತ್ತು. ಪರಂಪರೆಯನ್ನು ಉಳಿಸಲು ಬಂದವರು ಸುಮಾರು ತೊಂಬತ್ತು ವರ್ಷ ಹಳೆಯ ಉಕ್ಕನ್ನು ಕತ್ತರಿಸಿ ಗುಜರಿಗೆ ಹಾಕುತ್ತಿದ್ದೇವೆ, ಹೀಗೇ ಹೋದರೆ ಕೊನೆಗೆ ಮೂಲದ್ದೇನು ಉಳಿದೀತು ಎಂದು ನಮ್ಮ ಬಾಯ್ಲರ್ ಮೇಸ್ತ್ರಿಯನ್ನು ಕೇಳಿದೆ. ಎಪ್ಪತ್ತು ದಾಟಿದ, ಹದಿನಾರನೆಯ ವಯಸ್ಸಿನಿಂದ ಇದೇ ಕೆಲಸ ಮಾಡಿದ ಅವರು ಉತ್ತರವಾಗಿ ಹೊರತಗಡಿನ ಮೇಲೆ ಒತ್ತಿದ್ದ ಒಂದು ಸಂಖ್ಯೆಯನ್ನು ತೋರಿಸಿದರು. ಅದು ಬಾಯ್ಲರ್‌ನ ಸಂಖ್ಯೆ, ಎಂಜಿನ್ನಿನದಲ್ಲ.

ವಿಷಯ ಹೀಗಿದೆ. ಸ್ವಿಂಡನ್ನಿನಲ್ಲಿ ಚರ್ಚ್‌ವರ್ಡ್ ಎಂಬ ಮುಖ್ಯ ಎಂಜಿನಿಯರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವೇ ಮಾದರಿಯ ಬಾಯ್ಲರ್‌ಗಳನ್ನು ಹಲವು ಬಗೆಯ ಎಂಜಿನ್‌ಗಳಿಗೆ ಹೊಂದುವಂತೆ ನಿಗದಿಪಡಿಸಿದ್ದರು. ಎಂಜಿನ್ನಿನ ಉಳಿದ ಭಾಗಕ್ಕಿಂತ ಬಾಯ್ಲರ್ ರಿಪೇರಿಗೆ ಹೆಚ್ಚು ಕಾಲ ಹಿಡಿಯುತ್ತಿದ್ದುದರಿಂದ, ಕಾರ್ಯಾಗಾರಕ್ಕೆ ಬಂದ ಎಂಜಿನ್ನಿನ ಬಾಯ್ಲರ್ ಇಳಿಸಿ, ಆಗಲೇ ಸಿದ್ಧವಾಗಿದ್ದ ಬೇರೊಂದನ್ನು ಕೂರಿಸಿ ಕಳಿಸುತ್ತಿದ್ದರು. ಇಳಿಸಿದ್ದು ರಿಪೇರಿಯಾಗಿ ಮತ್ತಾವುದೋ ಎಂಜಿನ್ನಿನ ಮೈ ಸೇರುತ್ತಿತ್ತು. ನಾನು ಮೂಲವೆಂದು ಮರುಗುತ್ತಿದ್ದ ಆ ಬಾಯ್ಲರ್ ಈ ಎಂಜಿನ್ನಿನೊಡನೆ ಹುಟ್ಟಿದ್ದೇ ಅಲ್ಲದಿರಬಹುದು. ತಗಡು ಕತ್ತರಿಸಿ ಹೊಸದು ಹಾಕುವುದು, ಹಾಕುತ್ತಲೇ ಇರುವುದು ಈ ಯಂತ್ರದ ಸಹಜ ಬದುಕಾಗಿತ್ತು. ಅದನ್ನು ನಿಲ್ಲಿಸಿ ಗಾಜಿನ ಹಿಂದಿಟ್ಟರೆ ಸಿಗುವುದು ಬೇರೆಯೇ ವಸ್ತು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನ್‌ಗಳನ್ನು ನಾನು ಪ್ರೀತಿಸುತ್ತೇನೆ, ಚಿಕ್ಕಂದಿನಲ್ಲಿ ಅವುಗಳ ಮೇಲೆ ಹತ್ತಿ ಕುಣಿದಿದ್ದೇನೆ. ಆದರೂ ಸ್ಟೇ ಬದಲಿಸುವ ಕೈ ಉಳಿಯಬೇಕಾದರೆ ಎಲ್ಲಾದರೂ ಒಂದು ಬಾಯ್ಲರ್ ಉಗಿ ಏರಿಸಿಕೊಳ್ಳಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಆ ಕೈ ಇಲ್ಲವಾದಾಗ ಏನಾಗುತ್ತದೆಂಬುದಕ್ಕೆ ಈ ದೇಶದಲ್ಲೇ ನಿದರ್ಶನವಿದೆ. 2008ರಲ್ಲಿ ಹೊಸದಾಗಿ ನಿರ್ಮಾಣಗೊಂಡು ಓಡಿದ ಟಾರ್ನೇಡೋ ಎಂಬ ಎಂಜಿನ್ನಿಗೆ ಬೇಕಾದ ಬಾಯ್ಲರನ್ನು ಉಗಿಬಂಡಿಯ ತವರಾದ ಬ್ರಿಟನ್ ಬಿಟ್ಟು ಜರ್ಮನಿಯ ಮೈನಿಂಗನ್ ಕಾರ್ಯಾಗಾರದಿಂದ ತರಿಸಬೇಕಾಯಿತು. ಇದಕ್ಕೆ ಪ್ರತಿಯಾಗಿ ನಮ್ಮ ನೀಲಗಿರಿ ರೈಲನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಕಲ್ಲಾರಿನಿಂದ ಕೂನೂರಿಗೆ ಹಲ್ಲುಕಂಬಿಯ ಮೇಲೆ ಸುಮಾರು 12 ಅಡಿಗೆ 1 ಅಡಿಯಂತೆ ಏರುವ ಆ ದಾರಿಗಾಗಿ ಸ್ವಿಟ್ಜರ್‌ಲೆಂಡಿನಿಂದ ತರಿಸಿದ್ದ ಎಕ್ಸ್ ವರ್ಗದ ಎಂಜಿನ್‌ಗಳು ಹಳತಾದಾಗ, ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು 2010ರ ದಶಕದಲ್ಲಿ ತಾವೇ ಕಟ್ಟಿದರು.

ನನ್ನ ಪಾಲಿಗೆ ಬಂದದ್ದು ಎಡಬದಿಯ ಮೇಲಿನ ಮೂಲೆಯ ಸ್ಟೇಗಳು. ಹಳೆಯದನ್ನು ಕೊರೆದು ತೆಗೆದ ಮೇಲೆ ಎರಡೂ ತಗಡುಗಳ ತೂತುಗಳಿಗೆ ಹೊಸ ಥ್ರೆಡ್ ಕೊರೆಯಬೇಕು. ಇದಕ್ಕೆ ಬಳಸುವ ಟ್ಯಾಪ್ ಎಂಬ ಕೊರೆಯುವ ಉಪಕರಣ ಒಂದು ಗಜದ ಹತ್ತಿರ ಉದ್ದವಿರುತ್ತದೆ, ಏಕೆಂದರೆ ಅದು ಹೊರತಗಡಿನಲ್ಲಿ ಹಿಡಿದುಕೊಂಡಿರುವಾಗಲೇ ಒಳತಗಡನ್ನೂ ಕೊರೆಯಬೇಕು. ಆಗಲೇ ಎರಡರ ಥ್ರೆಡ್‌ಗಳೂ ಒಂದೇ ಸುರುಳಿಯ ಮುಂದುವರಿಕೆಯಾಗಿ, ಒಂದೇ ಕಡ್ಡಿ ಎರಡರಲ್ಲೂ ಸಲೀಸಾಗಿ ಕೂರುತ್ತದೆ. ನಾಲ್ಕನೆಯ ತೂತಿನಲ್ಲಿ ನಾನು ಅವಸರಪಟ್ಟೆ. ಟ್ಯಾಪ್ ತುಸು ಓರೆಯಾಯಿತು, ಕೈಗೆ ಅದು ಬಿಗಿಯಾದಂತೆ ತಿಳಿದರೂ ನಿಲ್ಲಿಸಲಿಲ್ಲ, ಒಳತಗಡಿನ ಥ್ರೆಡ್ ಕಿತ್ತುಬಂತು. ಮೇಸ್ತ್ರಿ ಬಂದು ನೋಡಿದರು, ಗದರಲಿಲ್ಲ. ತೂತನ್ನು ಒಂದು ಅಳತೆ ದೊಡ್ಡದು ಮಾಡಿ ದಪ್ಪನೆಯ ಸ್ಟೇ ಹಾಕಲು ಹೇಳಿ, ರಿಜಿಸ್ಟರಿನಲ್ಲಿ ಸಾಲು, ಸಂಖ್ಯೆ ಮತ್ತು ಅಳತೆಯನ್ನು ನನ್ನ ಕೈಯಿಂದಲೇ ಬರೆಸಿದರು. ತೂತು ಹೀಗೆ ಎಷ್ಟು ಸಲ ದೊಡ್ಡದಾಗಬಹುದು ಎಂಬುದಕ್ಕೆ ಮಿತಿಯಿದೆ. ನಾನು ಕೆಡಿಸಿದ್ದು, ಮುಂದೆ ಎಂದೋ ಈ ಬಾಯ್ಲರ್ ಬಿಚ್ಚುವ ಯಾರೋ ಒಬ್ಬರಿಗೆ ಸಿಗಬೇಕಾಗಿದ್ದ ಒಂದು ಅವಕಾಶವನ್ನು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ರಿವೆಟ್ ಕೆಲಸಕ್ಕೆ ಒಂದು ತಂಡವೇ ಬೇಕು. ಒಬ್ಬರು ಕುಲುಮೆಯಲ್ಲಿ ರಿವೆಟನ್ನು ಕಿತ್ತಳೆ ಬಣ್ಣ ದಾಟುವ ತನಕ ಕಾಯಿಸಿ ಇಕ್ಕಳದಲ್ಲಿ ಕೊಡುತ್ತಾರೆ, ಒಬ್ಬರು ಒಳಗಿನಿಂದ ಅದರ ತಲೆಗೆ ಭಾರವಾದ ಕಬ್ಬಿಣವನ್ನು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಹೊರಗಿನಿಂದ ಗಾಳಿಸುತ್ತಿಗೆಯಲ್ಲಿ ಬಡಿದು ತಲೆ ಕಟ್ಟುತ್ತಾರೆ. ಆರುತ್ತ ಕುಗ್ಗುವ ರಿವೆಟ್ ಎರಡು ತಗಡುಗಳನ್ನು ಬಲು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಕಿವಿಗೆ ಎರಡು ಪದರದ ರಕ್ಷಣೆ ಹಾಕಿಕೊಂಡು ಒಳಗೆ ಕೂತರೂ ಆ ಸದ್ದು ಹಲ್ಲುಗಳಲ್ಲಿ ಕೇಳಿಸುತ್ತದೆ. ಅಜ್ಜನ ಕಾಲದಲ್ಲಿ ಕಿವಿಗೆ ಅರಳೆಯೂ ಇರುತ್ತಿರಲಿಲ್ಲ. ಬಾಯ್ಲರ್ ಕೆಲಸಗಾರರಿಗೆ ಕಿವಿ ಹೋಗುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಇಂಗ್ಲಿಷಿನಲ್ಲಿ ಆ ಕಿವುಡಿಗೆ ಅವರ ಕಸುಬಿನ ಹೆಸರೇ ಬಿದ್ದಿತ್ತು.

ಸ್ಟೇಗಳ ಪರೀಕ್ಷೆಯನ್ನು ನಾನು ಕಲಿತದ್ದು ಆ ತಿಂಗಳಲ್ಲಿಯೇ. ಫೈರ್‌ಬಾಕ್ಸಿನೊಳಗೆ ಮೊಣಕಾಲೂರಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಸ್ಟೇಯ ತಲೆಯನ್ನು ತಟ್ಟುತ್ತ ಸಾಗಬೇಕು. ಪಕ್ಕದಲ್ಲಿ ಯಾರೋ ರಿವೆಟ್ ಬಡಿಯುತ್ತಿದ್ದುದರಿಂದ ನನಗೆ ಏನೂ ಕೇಳಿಸುತ್ತಿರಲಿಲ್ಲ. ಸದ್ದು ನಿಂತ ಮೇಲೆ ಮಾಡುತ್ತೇನೆಂದೆ. ಮೇಸ್ತ್ರಿ ತಲೆಯಾಡಿಸಿ, ನನ್ನ ಎಡಗೈಯನ್ನು ಹಿಡಿದು, ತಟ್ಟಬೇಕಾದ ಸ್ಟೇಯ ಪಕ್ಕದ ತಗಡಿನ ಮೇಲೆ ಅಂಗೈ ಒತ್ತಿಸಿದರು. ಗಟ್ಟಿ ಸ್ಟೇಯನ್ನು ತಟ್ಟಿದಾಗ ಸುತ್ತಿಗೆ ಪುಟಿದು ಬರುತ್ತದೆ, ಅಂಗೈಯಲ್ಲಿ ಚುರುಕಾದ ಒಂದೇ ಮಿಡಿತ ಹಾದುಹೋಗುತ್ತದೆ. ಮುರಿದದ್ದನ್ನು ತಟ್ಟಿದರೆ ಪೆಟ್ಟು ಮಣ್ಣಿನಲ್ಲಿ ಬಿದ್ದಂತೆ ಇಂಗಿಹೋಗಿ ಅಂಗೈಗೆ ಮಂದವಾದ ಅದುರು ಮಾತ್ರ ತಲುಪುತ್ತದೆ. ಅಂದು ಆ ಕತ್ತಲ ತಾಮ್ರದ ಪೆಟ್ಟಿಗೆಯೊಳಗೆ ನನಗೆ ಸಂತೆಯ ಗಡಿಗೆಗಳು ನೆನಪಾದವು. ಕೊನೆಯ ವರ್ಷಗಳಲ್ಲಿ ಅಜ್ಜನಿಗೆ ಪಕ್ಕದಲ್ಲಿ ಕೂತು ಕೂಗಿದರೂ ಕೇಳುತ್ತಿರಲಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಗಡಿಗೆಯ ದನಿಯನ್ನು ಕೇಳುತ್ತಿದ್ದಾರೆಂದೇ ನಾವೆಲ್ಲ ತಿಳಿದಿದ್ದೆವು. ಗಡಿಗೆಯನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದುದೇಕೆಂದು ಯಾರೂ ಯೋಚಿಸಿರಲಿಲ್ಲ.

“ಹಂಡೇದಾಗ ನೀರ ನೋಡಿ ಉರಿ ಹಚ್ಚ” ಎಂಬುದು ನಮ್ಮಜ್ಜಿಯ ದಿನನಿತ್ಯದ ಎಚ್ಚರಿಕೆಯಾಗಿತ್ತು. ಬಾಯ್ಲರ್ ವಿಷಯದಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ. ಫೈರ್‌ಬಾಕ್ಸಿನ ನೆತ್ತಿಯ ಮೇಲೆ ಸದಾ ನೀರಿರಬೇಕು. ನೀರು ಇಳಿದು ನೆತ್ತಿ ಬರಿದಾದರೆ ಕೆಲವೇ ನಿಮಿಷಗಳಲ್ಲಿ ತಗಡು ಮೆತ್ತಗಾಗಿ ಸ್ಟೇಗಳಿಂದ ಕಳಚಿಕೊಳ್ಳುತ್ತದೆ. 1995ರ ಜೂನ್ 16ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಗಾರ್ಡ್ನರ್ಸ್ ಬಳಿ ಪ್ರವಾಸಿಗರ ಉಗಿರೈಲೊಂದರಲ್ಲಿ ಹೀಗೆಯೇ ಆಗಿ ಎಂಜಿನ್ ಸಿಬ್ಬಂದಿ ಮೂವರು ಸುಟ್ಟ ಗಾಯಗಳಿಂದ ನರಳಿದರು. ನೀರಿನ ಮಟ್ಟ ತೋರಿಸುವ ಗಾಜಿನ ದಾರಿ ಸುಣ್ಣದಿಂದ ಕಟ್ಟಿಕೊಂಡಿತ್ತೆಂದು ತನಿಖೆಯಲ್ಲಿ ತಿಳಿದುಬಂತು. ಮೇಲೆ ಹೇಳಿದ ಅಮೆರಿಕದ ಹೊಸ ನಿಯಮಗಳ ಹಿಂದೆ ಆ ಅಪಘಾತವಿದೆ.

ಎಲ್ಲ ಮುಗಿದ ಮೇಲೆ ಬಾಯ್ಲರಿಗೆ ಕಂಠಮಟ್ಟ ನೀರು ತುಂಬಿಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡವನ್ನು ಪಂಪಿನಿಂದ ಹೇರುತ್ತೇವೆ. ಉಗಿಯಲ್ಲದೆ ನೀರನ್ನೇ ಬಳಸಲು ಕಾರಣವಿದೆ: ನೀರು ಕುಗ್ಗದ ವಸ್ತು, ಆದ್ದರಿಂದ ಎಲ್ಲಾದರೂ ಬಿರುಕುಬಿಟ್ಟರೆ ಒತ್ತಡ ತಟ್ಟನೆ ಇಳಿದುಹೋಗುತ್ತದೆ, ಸಿಡಿಯುವುದಿಲ್ಲ. ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಎರಡು ಗಂಟೆ ಸುತ್ತಿದರು. ನಾಲ್ಕೈದು ಕಡೆ ಬೆವರಿದಂತೆ ಹನಿ ಮೂಡಿದ್ದವು, ಅವುಗಳಲ್ಲಿ ಒಂದು ನನ್ನ ದಪ್ಪ ಸ್ಟೇಯ ತಲೆಯ ಸುತ್ತ. ನನ್ನ ಮುಖ ನೋಡಿದ ಮೇಸ್ತ್ರಿ ಅದನ್ನು ಮುಟ್ಟಬೇಡ, ಬಿಸಿಯಾಗಲಿ ಎಂದಷ್ಟೇ ಹೇಳಿದರು. ಕೆಲವು ವಾರಗಳ ನಂತರ ಮೊದಲ ಉರಿ ಹಚ್ಚಿದೆವು. ಹಚ್ಚಿದ್ದು ಸಣ್ಣ ಉರಿ, ಏರಿಸಿದ್ದು ಬಹಳ ನಿಧಾನವಾಗಿ. ಮೊದಲ ದಿನ ಬರೀ ಬಿಸಿ ಮಾಡಿ, ಎರಡನೆಯ ದಿನ ಒತ್ತಡ ಏರಲು ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಸೇಫ್ಟಿ ವಾಲ್ವ್‌ಗಳು ಗರ್ಜಿಸುತ್ತ ತೆರೆದುಕೊಂಡಾಗ ಕಾರ್ಯಾಗಾರದವರೆಲ್ಲ ಹೊರಗೆ ಬಂದು ನಿಂತಿದ್ದರು. ತುಂಬಿದ ಉರಿಯಲ್ಲಿಯೂ ಆ ವಾಲ್ವ್‌ಗಳು ಒತ್ತಡವನ್ನು ಮಿತಿಯೊಳಗೇ ಇಡುತ್ತವೆಂದು ಖಚಿತವಾದ ಮೇಲೆ ಇನ್ಸ್‌ಪೆಕ್ಟರ್ ಸಹಿ ಹಾಕಿದರು.

ಬಾಯ್ಲರ್ ಪೂರ್ತಿ ಆರಲು ಎರಡು ದಿನ ಬೇಕಾಯಿತು. ಮುಂದಿನ ಶನಿವಾರ ಬೂದಿ ತೆಗೆದು ನಾನು ಮತ್ತೆ ಒಳಗಿಳಿದೆ. ಎಡಬದಿಯ ಮೇಲಿನ ಮೂಲೆಯ ನಾಲ್ಕನೆಯ ಸ್ಟೇಯ ಸುತ್ತ ಹನಿಯಿರಲಿಲ್ಲ. ಜಿನುಗಿದ ನೀರು ಒಣಗಿ ಉಳಿಸಿದ ತೆಳುವಾದ ಬಿಳಿ ಉಂಗುರವಿತ್ತು, ಅದೇ ಸಂದನ್ನು ಮುಚ್ಚಿತ್ತು. ಕಿವಿಯ ರಕ್ಷಣೆಯನ್ನು ತೆಗೆಯದೆಯೇ ಎಡ ಅಂಗೈಯನ್ನು ತಗಡಿಗೆ ಒತ್ತಿ, ಸುತ್ತಿಗೆಯಿಂದ ಒಮ್ಮೆ ತಟ್ಟಿದೆ. ರಿಜಿಸ್ಟರಿನಲ್ಲಿ ಅದರ ಸಂಖ್ಯೆಯ ಮುಂದೆ ಸರಿಯೆಂದು ಗುರುತು ಹಾಕಿ ಐದನೆಯದಕ್ಕೆ ಕೈ ಸರಿಸಿದೆ.